ಐದೂ ಹತ್ತಕ್ಕೆ ಇಳಿಯುವ ವಿಮಾನ

"ಇನ್ನು ಮುಂದೆ ಈ ಮನೇಲಿ ಎಷ್ಟು ದೂರ, ಎಷ್ಟು ಹೊತ್ತು ಅಂತ ಯಾರೂ ಫೋನನ್ನ ಕೇಳಕೂಡದು! ಕೇಳೋದಿದ್ರೆ ನನ್ನನ್ನ ಕೇಳಿ!"

ಹೋದ ಶುಕ್ರವಾರ ಮಧ್ಯಾಹ್ನ, ಊಟದ ಮೇಜಿನ ಮೇಲೆ ನೀರಿನ ಲೋಟಗಳು ಕುಣಿಯುವಂತೆ ಗುದ್ದಿ ನಾನು ಹೊರಡಿಸಿದ ರಾಜಾಜ್ಞೆ ಇದು. ಹೊರಡಿಸುವ ಯೋಗ್ಯತೆ ನನಗಿತ್ತು ಸ್ವಾಮಿ! ಮೂವತ್ತೊಂದು ವರ್ಷ ಸಾರಿಗೆ ಕಚೇರಿಯ ಎರಡನೇ ಮಹಡಿಯಲ್ಲಿ, ಕಾಲು ಅಲ್ಲಾಡುವ ಒಂದೇ ಕುರ್ಚಿಯಲ್ಲಿ ಕೂತು, ಈ ಊರಿನ ಬಸ್ಸುಗಳ ವೇಳಾಪಟ್ಟಿ ಬರೆದವನು ನಾನು. ಯಾವ ಬಸ್ಸು ಎಷ್ಟೊತ್ತಿಗೆ ಹೊರಟು ಎಲ್ಲಿಗೆ ಎಷ್ಟೊತ್ತಿಗೆ ಮುಟ್ಟಬೇಕು ಎಂಬುದೆಲ್ಲ ನನ್ನ ಪೆನ್ನಿನ ತುದಿಯಲ್ಲಿತ್ತು. ಅಂಥ ನನಗೆ ನನ್ನ ಮನೆಯಲ್ಲೇ ಅವಮಾನ!

ಅವಮಾನ ಮಾಡಿದವನು ನನ್ನ ಅಳಿಯ. ಹಲ್ಲಿನ ಡಾಕ್ಟರು. ಹುಡುಗ ಒಳ್ಳೆಯವನೇ, ನನ್ನ ಎರಡು ಹಲ್ಲು ನೋವಿಲ್ಲದೆ ಕಿತ್ತಿದ್ದಾನೆ. ಆದರೆ ಏನು ಕೇಳಿದರೂ "ಒಂದ್ನಿಮಿಷ ಮಾವ" ಎಂದು ಫೋನು ಉಜ್ಜಲು ಶುರು ಮಾಡುತ್ತಾನೆ. ಹೊರಗೆ ಬಿಸಿಲಿದೆಯಾ ಎಂದು ಕೇಳಿದರೂ ಕಿಟಕಿಯ ಕಡೆ ತಿರುಗುವುದಿಲ್ಲ, ಫೋನು ನೋಡುತ್ತಾನೆ. ಅದಕ್ಕೇ ನಾನವನಿಗೆ ಇಟ್ಟಿರುವ ಹೆಸರು 'ಒಂದ್ನಿಮಿಷ'. ಆವತ್ತು ನನ್ನವಳು ಕೇಳಿದ್ದು ನನ್ನನ್ನು.

"ರೀ, ಅಕ್ಕ ಇರೋ ಊರಿಂದ ಇಲ್ಲಿಗೆ ವಿಮಾನದಲ್ಲಿ ಎಷ್ಟು ಹೊತ್ತಾಗುತ್ತೆ?"

ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವುದರೊಳಗೆ ಒಂದ್ನಿಮಿಷ ಉಸುರಿಬಿಟ್ಟ. "ಒಂಬತ್ತು ಸಾವಿರ ಕಿಲೋಮೀಟರ್, ಹತ್ತು ಗಂಟೆ ಇಪ್ಪತ್ತು ನಿಮಿಷ ಅತ್ತೆ."

ನನ್ನ ಮನೆ, ನನ್ನ ಮೇಜು, ನನ್ನ ಹೆಂಡತಿ, ನನಗೆ ಬಂದ ಪ್ರಶ್ನೆ! ಉತ್ತರ ಮಾತ್ರ ಇವನದು! ಸಿಟ್ಟು ಸರ್ರನೆ ನೆತ್ತಿಗೇರಿತು. ಮೇಜು ಗುದ್ದಿದೆ. ಕೈ ನೋಯಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಪ್ರಶ್ನೆ ಸಣ್ಣದಾಗಿರಲಿಲ್ಲ. ನನ್ನವಳ ಅಕ್ಕ, ಅಂದರೆ ನನ್ನ ಅತ್ತಿಗೆ, ಆಸ್ಪತ್ರೆಯಲ್ಲಿ ನರ್ಸು. ಹನ್ನೊಂದು ವರ್ಷದ ಹಿಂದೆ ಕೆಲಸ ಸಿಕ್ಕಿ ಭೂಮಿಯ ಆ ಮೂಲೆಗೆ ಹೋದವರು ಒಮ್ಮೆಯೂ ಈ ಕಡೆ ಬಂದಿರಲಿಲ್ಲ. ಈಗ ಅಲ್ಲಿಂದ ಇನ್ನೊಂದು ಮೂಲೆಯ ಆಸ್ಪತ್ರೆಗೆ ಹೊರಟಿದ್ದರು. ನಡುವೆ ನಮ್ಮೂರಿನಲ್ಲಿ ವಿಮಾನ ಬದಲಾಯಿಸಬೇಕು. ಭಾನುವಾರ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಇಳಿಯುವುದು, ಸಂಜೆ ನಾಲ್ಕೂ ಇಪ್ಪತ್ತಕ್ಕೆ ಮತ್ತೆ ಹಾರುವುದು. ಸಾಮಾನು ಎತ್ತಿಕೊಂಡು ಹೊರಗೆ ಬಂದು, ಮೂರಕ್ಕೆಲ್ಲ ತಿರುಗಿ ಒಳಗೆ ಹೋಗಬೇಕು. ಅಕ್ಕತಂಗಿಯರಿಗೆ ಸಿಗುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು. ಹನ್ನೊಂದು ವರ್ಷಕ್ಕೆ ಒಂದು ಗಂಟೆ! ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ನನ್ನವಳು ಆ ಒಂದು ಗಂಟೆಗಾಗಿ ಒಂದು ತಿಂಗಳಿಂದ ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟು, ಅಕ್ಕನಿಗೆಂದು ಬೂದುಬಣ್ಣದ ಉಣ್ಣೆಯ ಕೋಟು ಹೊಲಿಯುತ್ತಿದ್ದಳು.

ಇನ್ನೊಂದು ವಿಷಯವಿದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ ಅತ್ತಿಗೆ ಹೊರಟ ದಿನ ಇವಳನ್ನು ಬೀಳ್ಕೊಡಲು ಕರೆದುಕೊಂಡು ಹೋದವನು ನಾನೇ. ನಾನೇ ಬರೆದ ವೇಳಾಪಟ್ಟಿಯನ್ನು ನಂಬಿ, ನಾನೇ ಬರೆದ ಬಸ್ಸು ಹತ್ತಿಸಿದೆ. ಬಸ್ಸು ನಲವತ್ತು ನಿಮಿಷ ತಡ. ನಾವು ವಿಮಾನ ನಿಲ್ದಾಣದ ಬೇಲಿ ಮುಟ್ಟುವಷ್ಟರಲ್ಲಿ ಒಂದು ವಿಮಾನ ಮೇಲೇಳುತ್ತಿತ್ತು. ಇವಳು ಬೇಲಿ ಹಿಡಿದುಕೊಂಡು, ಅಳುತ್ತಾ, ಅದು ಚುಕ್ಕೆಯಾಗುವವರೆಗೂ ಕೈ ಬೀಸಿದಳು. ಪಕ್ಕದಲ್ಲಿದ್ದ ಕಾವಲುಗಾರ ಆಮೇಲೆ ಹೇಳಿದ, ಅದು ಸರಕು ವಿಮಾನವಂತೆ, ಒಳಗಿದ್ದದ್ದು ಟೈರುಗಳಂತೆ! ಅತ್ತಿಗೆಯ ವಿಮಾನ ಹಾರಿ ಕಾಲು ಗಂಟೆಯಾಗಿತ್ತು.

ಅವತ್ತಿನಿಂದ ನಾನು ಅಚ್ಚಾದ ವೇಳೆಯನ್ನು ನಂಬುವುದನ್ನು ಬಿಟ್ಟೆ. ಅಚ್ಚು ಹಾಕಿಸಿದವನೇ ನಾನಲ್ಲವೇ! ಪಟ್ಟಿಯಲ್ಲಿ ಬರೆಯುವುದು ಮೇಲಿನವರ ಆಸೆಯನ್ನು; ಬಸ್ಸು ಬರುವುದು ಅದಕ್ಕೆ ತೋಚಿದಾಗ. ಈ ಸಲ ಮಾತ್ರ ನನ್ನವಳನ್ನು ಸರಿಯಾದ ಗಳಿಗೆಗೆ ಕರೆದುಕೊಂಡು ಹೋಗಿ, ಹನ್ನೊಂದು ವರ್ಷದ ಕಳಂಕವನ್ನು ತೊಳೆದುಕೊಳ್ಳಬೇಕೆಂದು ಹಟ ತೊಟ್ಟೆ. ಅದಕ್ಕೆ ಟಿಕೆಟ್ಟೂ ಬೇಡ, ಫೋನೂ ಬೇಡ. ನನ್ನ ಲೆಕ್ಕ ಸಾಕು!

ನಿವೃತ್ತಿಯ ದಿನ ಸಹೋದ್ಯೋಗಿಗಳು ನನಗೊಂದು ಭೂಪಟ ಕೊಟ್ಟಿದ್ದರು. ಎರಡು ಮೀಟರ್ ಅಗಲ! ಅಷ್ಟು ಜಾಗವಿದ್ದದ್ದು ಹೊಲಿಗೆ ಕೋಣೆಯ ಗೋಡೆಯ ಮೇಲೆ ಮಾತ್ರ, ಬಚ್ಚಲುಮನೆಗೆ ಒತ್ತಿಕೊಂಡಿರುವ ಗೋಡೆ. ಶನಿವಾರ ಬೆಳಿಗ್ಗೆ ಅತ್ತಿಗೆಯ ಊರಿಗೊಂದು ಮೊಳೆ, ನಮ್ಮೂರಿಗೊಂದು ಮೊಳೆ ಹೊಡೆದೆ. ನನ್ನವಳ ಡಬ್ಬಿಯಿಂದ ಕೆಂಪು ದಾರ ತೆಗೆದು ಬಿಗಿಯಾಗಿ ಎಳೆದೆ. ಐವತ್ತೊಂಬತ್ತೂವರೆ ಸೆಂಟಿಮೀಟರ್! ಒಂದು ಸೆಂಟಿಮೀಟರಿಗೆ ಇನ್ನೂರು ಕಿಲೋಮೀಟರ್ ಎಂದು ಮೂಲೆಯಲ್ಲಿ ಬರೆದಿತ್ತು. ಹನ್ನೊಂದು ಸಾವಿರದ ಒಂಬೈನೂರು! ಗಂಟೆಗೆ ಒಂಬೈನೂರರಂತೆ ಹದಿಮೂರೂಕಾಲು ಗಂಟೆ. ಏರುವುದಕ್ಕೆ ಇಳಿಯುವುದಕ್ಕೆ ಇಪ್ಪತ್ತೈದು ನಿಮಿಷ. ಕೊನೆಗೆ, ನಮ್ಮ ಕಚೇರಿಯ ಪದ್ಧತಿಯಂತೆ, ಚಾಲಕರ ಚಹಾ ಮತ್ತು ಸೋಮಾರಿತನದ ಬಾಬತ್ತು ಅರ್ಧ ಗಂಟೆ. ವಿಮಾನ ಹೊರಡುವುದು ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಮೂರಕ್ಕೆ. ಅಂದಮೇಲೆ ಇಳಿಯುವುದು ಸಂಜೆ ಐದೂ ಹತ್ತಕ್ಕೆ!

"ಒಂದೂ ಇಪ್ಪತ್ತಂತೆ, ಒಂದೂ ಇಪ್ಪತ್ತು!" ಎಂದು ನಾನು ಅಬ್ಬರಿಸಿದೆ. "ಟಿಕೆಟ್ ಅಚ್ಚು ಹಾಕಿದೋನಿಗೆ ದೂರ ಅಳೆಯೋಕೂ ಬರಲ್ಲ!"

"ಹಾಗಾದ್ರೆ ನಾಲ್ಕೂ ಇಪ್ಪತ್ತರ ವಿಮಾನ ಅವಳಿಗೆ ಸಿಗೋದೇ ಇಲ್ವಾ?" ಎಂದಳು ನನ್ನವಳು.

"ಅದೂ ತಡವಾಗಿಯೇ ಹೊರಡುತ್ತೆ ಕಣೇ! ಎಲ್ಲಾ ಒಂದೇ ಕಂಪನಿ ತಾನೇ!"

ಅವಳು ನನ್ನ ದಾರವನ್ನೂ ಭೂಪಟವನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಚೆಂಡಿನಂಥ ದುಂಡು ದಿಂಬು ತಂದು, ಅದರ ನಡುವಿಗಿಂತ ಸ್ವಲ್ಪ ಮೇಲೆ ಎರಡು ಕಡೆ, ಎರಡು ಊರಿಗೆಂದು, ಅಂಗಿಯ ಎರಡು ಗುಂಡಿಗಳನ್ನು ಪಿನ್ನಿನಿಂದ ಚುಚ್ಚಿದಳು.

"ಅಲ್ರೀ, ದುಂಡಗಿರೋದನ್ನ ಚಪ್ಪಟೆ ಮಾಡಿ ಅಳೀತಾರಾ? ಈ ದಿಂಬಿಗೆ ಕವರ್ ಹೊಲಿಯೋಳು ನಾನು. ಚಪ್ಪಟೆ ಬಟ್ಟೆ ಹೊದಿಸಿದ್ರೆ ಮೇಲುಗಡೆ ಎಲ್ಲಾ ನೆರಿಗೆ ಬೀಳುತ್ತೆ. ನಿಮ್ಮ ಪಟದಲ್ಲಿ ಆ ನೆರಿಗೇನೆಲ್ಲ ಎಳೆದು ಹಿಗ್ಗಿಸಿ ಅಂಟಿಸಿದಾರೆ. ನೋಡಿ, ಸೊಂಟದ ಮೇಲೆ ಅಡ್ಡ ಸುತ್ತಿ ಬಂದ್ರೆ ಟೇಪು ಇಷ್ಟು ಬೇಕು. ಭುಜ ಹತ್ತಿ ಇಳಿದ್ರೆ ಇಷ್ಟೇ ಸಾಕು."

"ದಿಂಬಿನ ಮೇಲೆ ವಿಮಾನ ಹಾರಲ್ಲ!" ಎಂದು ಕಿರುಚಿದೆ. ಮೂವತ್ತೊಂದು ವರ್ಷದ ಅನುಭವಕ್ಕೆ ದಿಂಬು ತೋರಿಸುತ್ತಾಳೆ!

ಅವಳು ದಿಂಬನ್ನು ಕುರ್ಚಿಯ ಮೇಲೆ ಎಸೆದು, "ನೀವು ಎಷ್ಟೊತ್ತಿಗಾದ್ರೂ ಬನ್ನಿ. ನನ್ನನ್ನ ಕರ್ಕೊಂಡು ಹೋಗೋಕೆ ಅಳಿಯಂದ್ರು ನಾಳೆ ಹನ್ನೊಂದಕ್ಕೆ ಕಾರು ತರ್ತಾರೆ" ಎಂದಳು.

ಆಗ ನಾನು ಮಾಡಿದ್ದನ್ನು ಈಗ ನೆನೆದರೆ ನನಗೇ ಎರಡು ಬಿಗಿಯಬೇಕೆನಿಸುತ್ತದೆ. ಬಾಲ್ಕನಿಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಅಳಿಯನಿಗೆ ಫೋನು ಮಾಡಿದೆ. "ನಾಳೆ ಹನ್ನೊಂದಕ್ಕೆ ಬೇಡ. ವಿಮಾನ ತಡವಂತೆ. ಮೂರೂವರೆಗೆ ಬಾ." ಅವನು "ಒಂದ್ನಿಮಿಷ ಮಾವ, ನೋಡ್ತೀನಿ" ಎಂದ. "ನೋಡಬೇಡ! ಹೇಳಿದಷ್ಟು ಮಾಡು!" ಎಂದು ಗದರಿ ಇಟ್ಟುಬಿಟ್ಟೆ. ಪಾಪ, ಮಾಡಿದ.

ಭಾನುವಾರ ಹತ್ತೂವರೆಗೆ ನನ್ನವಳು ತಲೆ ಬಾಚಿ, ಒಳ್ಳೆ ಸೀರೆಯುಟ್ಟು, ಕೈಚೀಲ ಹಿಡಿದು ತಯಾರು. ಇಸ್ತ್ರಿ ಮಾಡಿದ ಕೋಟು ಹೊಲಿಗೆ ಮೇಜಿನ ಮೇಲೆ ಮಲಗಿತ್ತು. ನಾನು ಪೇಪರು ಹಿಡಿದು ಕಾಲು ಚಾಚಿ ಕೂತಿದ್ದೆ.

"ಇನ್ನೂ ಸ್ನಾನ ಮಾಡಿಲ್ವಾ? ಅರ್ಧ ಗಂಟೇಲಿ ಕಾರು ಬರುತ್ತೆ!"

"ಬರಲ್ಲ," ಎಂದೆ ಪೇಪರಿನ ಹಿಂದಿನಿಂದ. "ಮೂರೂವರೆಗೆ ಬರುತ್ತೆ. ನಾನೇ ಹೇಳಿದೀನಿ."

ಮರುಕ್ಷಣ ಪೇಪರು ನನ್ನ ಕೈಯಲ್ಲಿರಲಿಲ್ಲ.

"ನನ್ನ ಕೇಳದೆ? ನನ್ನ ಅಕ್ಕನ್ನ ನೋಡೋಕೆ ನಿಮ್ಮ ಅಪ್ಪಣೆ ಬೇಕಾ? ಮೂರಕ್ಕೆ ಅವಳು ಒಳಗೆ ಹೋಗ್ಬಿಡ್ತಾಳೆ! ಮತ್ತೆ ಆ ಬೇಲಿ ಹಿಡ್ಕೊಂಡು ಟೈರಿಗೆ ಕೈ ಬೀಸಬೇಕಾ ನಾನು?"

ಆ ಟೈರಿನ ಮಾತು ನನಗೆ ನಾಟಿತು. ನಾಟಿದ್ದರಿಂದಲೇ ಇನ್ನೂ ಜೋರಾಗಿ ಕೂಗಿದೆ. "ಲೆಕ್ಕ ಇದೆ ನನ್ನ ಹತ್ರ, ಲೆಕ್ಕ! ನಿನ್ನ ಅಳಿಯನ ಫೋನಿನಲ್ಲಿ ದಾರಿ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿದೆ. ಬಾಗಿದ ದಾರಿ ನೇರ ದಾರಿಗಿಂತ ಉದ್ದ ಅಂತ ಯಾವ ಡ್ರೈವರಾದ್ರೂ ಹೇಳ್ತಾನೆ. ಬಾ ತೋರಿಸ್ತೀನಿ! ಈಗಲೇ ತೋರಿಸ್ತೀನಿ!"

ಸುತ್ತಿಗೆ ಹಿಡಿದು ಹೊಲಿಗೆ ಕೋಣೆಗೆ ನುಗ್ಗಿದೆ. ದಾರವನ್ನು ಮೇಲಿನಿಂದ ಬಳಸಿ ತರಬೇಕಾದರೆ ಮೇಲೊಂದು ಮೊಳೆ ಬೇಕು. ಭೂಪಟದ ನೆತ್ತಿಯಲ್ಲಿ, ಎಲ್ಲ ಬಿಳಿಯಾಗಿರುವ ಉತ್ತರ ಧ್ರುವದ ಹತ್ತಿರ, ಮೂರು ಇಂಚಿನ ಮೊಳೆ ಇಟ್ಟೆ. ಸಿಟ್ಟಿನ ಕೈ! ಮೊದಲ ಏಟು, ಎರಡನೇ ಏಟು. ಮೂರನೇ ಏಟಿಗೆ ಟಣ್ ಎಂದಿತು. ಇದೇನು ಸದ್ದು ಎಂದು ಮೊಳೆ ಎಳೆದೆ.

ಧ್ರುವದಿಂದ ನೀರು ಚಿಮ್ಮಿತು! ಎಲ್ಲಿಯ ಹಿಮ ಕರಗಿತೋ, ನೇರ ನನ್ನ ಹಣೆಗೆ! ಬಚ್ಚಲುಮನೆಯ ಪೈಪಿಗೆ ಮೊಳೆ ಹೊಡೆದಿದ್ದೆ. ಖಂಡಗಳೆಲ್ಲ ಒದ್ದೆಯಾಗಿ, ಸಮುದ್ರಗಳು ತುಂಬಿ ಹರಿದು, ಎಲ್ಲ ಸೇರಿ ಹೊಲಿಗೆ ಮೇಜಿನ ಮೇಲೆ ಬಿದ್ದವು. "ಅಯ್ಯೋ ಕೋಟು!" ಎಂದು ನನ್ನವಳು ಹಾರಿ ಎತ್ತಿಕೊಳ್ಳುವಷ್ಟರಲ್ಲಿ ಒಂದು ತೋಳು ತೊಪ್ಪೆಯಾಗಿತ್ತು. ನಾನು ಕಣ್ಣುಮುಚ್ಚಿಕೊಂಡು ಕೈಯಾಡಿಸಿ, ಹೆಬ್ಬೆರಳನ್ನು ತೂತಿಗೆ ಒತ್ತಿದೆ. ನೀರು ನಿಂತಿತು. ಬೆರಳು ತೆಗೆದೆ, ಮತ್ತೆ ಬಂತು. ಒತ್ತಿದೆ.

ಮುಖ್ಯ ನಲ್ಲಿಯ ಕೀಲಿ ಇರುವುದು ಕಟ್ಟಡದ ಮೇಲ್ವಿಚಾರಕನ ಹತ್ತಿರ. ನನ್ನವಳು ಅವನಿಗೆ ಫೋನು ಮಾಡಿದಳು. ಎಲ್ಲೋ ಹೊರಗೆ ಹೋಗಿದ್ದಾನೆ, ಎರಡು ಗಂಟೆಗೆ ಬರುತ್ತಾನೆ. ಅಳಿಯನಿಗೆ ಮಾಡಿದಳು. "ಮೂರೂವರೆಗೆ ಅಂದ್ರಲ್ಲ ಅಂತ ಒಬ್ಬರನ್ನ ಕೂರಿಸ್ಕೊಂಡೆ ಅತ್ತೆ. ಹಲ್ಲು ಅರ್ಧ ಬಂದಿದೆ, ಅರ್ಧ ಒಳಗಿದೆ. ಬಿಟ್ಟು ಹೇಗೆ ಬರಲಿ?" ಟ್ಯಾಕ್ಸಿಗೆ ಮಾಡಿದಳು. ಮುಕ್ಕಾಲು ಗಂಟೆ ಕಾಯಬೇಕೆಂದರು. ಫೋನು ಇಳಿಸಿ ನನ್ನ ಕಡೆ ತಿರುಗಿದಳು. ಮೂವತ್ತಮೂರು ವರ್ಷದ ಸಂಸಾರದಲ್ಲಿ ಅಂಥ ಮುಖ ನಾನು ನೋಡಿರಲಿಲ್ಲ.

"ವಿಮಾನ ನಿಲ್ದಾಣದ ಬಸ್ಸು ಎಷ್ಟೊತ್ತಿಗೆ?"

"ಪಟ್ಟಿಯಲ್ಲಿ ಹನ್ನೊಂದೂ ಐದು," ಎಂದೆ ಗೋಡೆಗೆ ಅಂಟಿಕೊಂಡೇ. "ಆದರೆ ಬರೋದು ಹನ್ನೊಂದೂ ಇಪ್ಪತ್ತಕ್ಕೆ. ನಿಧಾನವಾಗಿ ಹೋಗು. ನನ್ನ ಮಾತು ಕೇಳು."

"ಕೇಳಿದ್ದು ಸಾಕು."

ಒದ್ದೆ ಕೋಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದಳು. ನನ್ನ ಫೋನನ್ನು ನನ್ನ ಅಂಗಿಯ ಜೇಬಿಗೆ ಹಾಕಿದಳು. "ಇದನ್ನ ನೀವು ಏನೂ ಕೇಳಬೇಡಿ. ಇದು ಕೂಗಿದ್ರೆ ಎತ್ತಿ, ಸಾಕು." ಬಾಗಿಲು ದಢಾರೆಂದು ಹಾಕಿಕೊಂಡಿತು.

ಹೊಲಿಗೆ ಕೋಣೆಯ ಕಿಟಕಿಯಿಂದ ಬೀದಿಯ ತುದಿ ಕಾಣುತ್ತದೆ. ಸೀರೆಯ ನೆರಿಗೆ ಎತ್ತಿ ಹಿಡಿದು ಓಡುತ್ತಿದ್ದಳು. ಓಡಲಿ, ಹದಿನೈದು ನಿಮಿಷ ಬಿಸಿಲಲ್ಲಿ ನಿಂತರೆ ಬುದ್ಧಿ ಬರುತ್ತದೆ ಎಂದುಕೊಂಡು ಗೋಡೆ ಗಡಿಯಾರ ನೋಡಿದೆ. ಹನ್ನೊಂದೂ ನಾಲ್ಕು. ಹನ್ನೊಂದೂ ಐದು. ಬಸ್ಸು ಬಂತು! ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ! ನಾನು ಪಟ್ಟಿ ಬರೆಯುತ್ತಿದ್ದಷ್ಟು ಕಾಲ ಒಂದು ದಿನವೂ ಸಮಯಕ್ಕೆ ಬಾರದ ಬಸ್ಸು, ನಾನು ಕುರ್ಚಿ ಬಿಟ್ಟ ಮೇಲೆ ಸರಿಯಾಗಿ ಬರುತ್ತಿದೆ! ಆ ನನ್ನ ಕುರ್ಚಿಯಲ್ಲಿ ಈಗ ಯಾರು ಕೂತಿದ್ದಾರೋ, ಅವರನ್ನು ನೆನೆದು ಹಲ್ಲು ಕಡಿದೆ.

ಹೆಬ್ಬೆರಳು ಒತ್ತಿಕೊಂಡು ನಿಂತೆ. ಬೆರಳು ಜೋಮು ಹಿಡಿಯಿತು. ಎಡಗೈಗೆ ಬದಲಾಯಿಸುವಾಗ ಇನ್ನೊಂದು ಸಲ ಸ್ನಾನವಾಯಿತು. ಹೋಗಲಿ, ಆ ಸ್ನಾನ ಹೇಗೂ ಬಾಕಿಯಿತ್ತು. ಸಿಟ್ಟು ಮಾತ್ರ ಇಳಿಯಲಿಲ್ಲ. ಅಲ್ಲಿ ಹೋಗಿ ಐದೂ ಹತ್ತರವರೆಗೆ ಬೆಂಚಿನ ಮೇಲೆ ಕೂತು ಸೊಂಟ ಹಿಡಿದುಕೊಳ್ಳಲಿ, ಆಗ ಗೊತ್ತಾಗುತ್ತದೆ ಗಂಡನ ಬೆಲೆ! ಬಂದ ಮೇಲೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಟ್ಟುಕೊಂಡೆ. ಒಂದು ಬಹಳ ಚೆನ್ನಾಗಿತ್ತು, ಅದನ್ನು ಗಟ್ಟಿಯಾಗಿ ಎರಡು ಸಲ ಹೇಳಿ ನೋಡಿದೆ. ಎದುರಿಗೆ ಕುರ್ಚಿಯ ಮೇಲೆ ಆ ದುಂಡು ದಿಂಬು ಎರಡು ಗುಂಡಿಯ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

ಒಂದೂ ನಲವತ್ತಕ್ಕೆ ಜೇಬು ಕೂಗಿತು. ಬಲಗೈಯಲ್ಲಿ ಎತ್ತಿದೆ.

"ಸಿಕ್ಕಿದ್ಲು ರೀ! ಅಕ್ಕ ಸಿಕ್ಕಿದ್ಲು! ಹನ್ನೆರಡೂ ಐವತ್ತೈದಕ್ಕೇ ಇಳಿದುಬಿಡ್ತಂತೆ ವಿಮಾನ!"

"ಸಾಧ್ಯವೇ ಇಲ್ಲ!" ಎಂದೆ. "ಅದು ಈಗ ಸಮುದ್ರದ ಮೇಲಿರಬೇಕು!"

"ಹಾಗಾದ್ರೆ ನನ್ನ ಭುಜದ ಮೇಲೆ ತಲೆಯಿಟ್ಟು ಅಳ್ತಿರೋಳು ಯಾರು?"

ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು. ಹನ್ನೊಂದು ವರ್ಷದ ಮೇಲೆ, ಅದೇ ಒಡಕು ಗಂಟಲು. "ಎಲ್ಲಿ, ಕೊಡಿಲ್ಲಿ, ನಾನು ಮಾತಾಡ್ತೀನಿ." ಆ ದನಿ ಕೇಳಿದ್ದೇ ತಡ, ಒಳಗೆಲ್ಲೋ ಏನೋ ಸಡಿಲವಾಯಿತು. ಅವತ್ತು ತಡ ಮಾಡಿದ್ದು ನನ್ನ ತಪ್ಪು ಅತ್ತಿಗೆ ಎಂದು ಹೇಳಬೇಕೆಂದು ನಾನು ಹನ್ನೊಂದು ವರ್ಷದಿಂದ ಕಾದಿದ್ದೆ. ಹೇಳಲು ಬಾಯಿ ತೆರೆದೆ. ಒಳಗೆ ಸಡಿಲವಾದದ್ದು ಹೆಬ್ಬೆರಳಿಗೂ ತಗಲಿತ್ತೇನೋ, ಧ್ರುವದ ನೀರು ಸೊಂಯ್ಯೆಂದು ಬಂದು ಫೋನಿಗೇ ಹೊಡೆಯಿತು. ಫೋನು ಒಂದು ಸಲ ಗುರ್ ಎಂದು ಸುಮ್ಮನಾಯಿತು. ಕಿವಿಗೆ ಒತ್ತಿಕೊಂಡು "ಅತ್ತಿಗೇ, ಅತ್ತಿಗೇ" ಎಂದೆ. ಏನೂ ಇಲ್ಲ. ಬಯ್ಯಲು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಆದಷ್ಟು ಬೈದುಕೊಂಡೆ.

ಎರಡಕ್ಕೆ ಮೇಲ್ವಿಚಾರಕ ಬಂದು ನಲ್ಲಿ ತಿರುಗಿಸಿದ. ಗೋಡೆ ನೋಡಿದ, ನನ್ನನ್ನು ನೋಡಿದ, ಮತ್ತೆ ಗೋಡೆ ನೋಡಿದ.

"ಅಲ್ಲ ಸಾರ್, ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಚಿತ್ರ ಬರೆಸಿ ಅಚ್ಚು ಹಾಕಿಸಿ ಬಚ್ಚಲ ಬಾಗಿಲ ಹಿಂದೆ ಅಂಟಿಸಿದೀನಲ್ಲ. ದಿನಾ ಅದರ ಎದುರಿಗೇ ಕೂರ್ತೀರಿ. ನೋಡಲಿಲ್ವಾ?"

"ಅಚ್ಚಾಗಿದ್ದನ್ನ ನಾನು ನಂಬಲ್ಲ," ಎಂದೆ. ದನಿಯಲ್ಲಿ ದಮ್ಮಿರಲಿಲ್ಲ.

ಅವನು ಹೋದ ಮೇಲೆ ಬಾಗಿಲ ಚಿಲಕ ಹಾಕಿಕೊಂಡೆ. ದಿಂಬನ್ನು ತೊಡೆಯ ಮೇಲಿಟ್ಟುಕೊಂಡು, ಟೇಪು ಹಿಡಿದು, ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಸೊಂಟ ಸುತ್ತಿ ಅಳೆದೆ. ಆಮೇಲೆ ಭುಜ ಹತ್ತಿಸಿ ಅಳೆದೆ. ಮತ್ತೆ ಅಳೆದೆ. ಪ್ರತಿ ಸಲವೂ ಅವಳು ಹೇಳಿದ್ದೇ ಸರಿ!

ಮೂರೂವರೆಗೆ, ಸರಿಯಾಗಿ ಮೂರೂವರೆಗೆ, ಗಂಟೆ ಒತ್ತಿದವನು ಅಳಿಯ. ಹೊಲಿಗೆ ಕೋಣೆಯಲ್ಲಿ ಸಪ್ತಸಾಗರ ನೋಡಿ "ಒಂದ್ನಿಮಿಷ ಮಾವ" ಎಂದ. ಫೋನು ತೆಗೆಯುತ್ತಾನೆಂದುಕೊಂಡೆ. ಪ್ಯಾಂಟು ಮಡಿಸಿ, ಬಕೆಟ್ಟು ತಂದು, ನೆಲ ಒರೆಸಿದ. ಹತ್ತೇ ನಿಮಿಷದಲ್ಲಿ ಒರೆಸಿ ಮುಗಿಸಿ ಅತ್ತೆಯನ್ನು ಕರೆತರಲು ಹೊರಟ. "ಎಷ್ಟೊತ್ತಾಗುತ್ತೆ ನೋಡ್ಕೊಂಡು ಹೋಗಪ್ಪ," ಎಂದೆ. ಅವನು ನನ್ನ ಹಣೆ ಮುಟ್ಟಿ ನೋಡಿದ, ಜ್ವರವೇನಾದರೂ ಬಂದಿದೆಯೇ ಎಂದು.

ಆರು ಗಂಟೆಗೆ ನನ್ನವಳು ಬಂದಳು. ಕಣ್ಣು ಊದಿತ್ತು, ಮುಖ ಅರಳಿತ್ತು. ಕೈಯಲ್ಲಿ ಕೋಟಿರಲಿಲ್ಲ. ಚಪ್ಪಲಿ ಬಿಟ್ಟು, ಗೋಡೆಯನ್ನು ನೋಡದೆ, ನನ್ನನ್ನೂ ನೋಡದೆ ಒಳಗೆ ಹೋಗಿ ಎರಡು ಲೋಟ ಚಹಾ ಮಾಡಿಕೊಂಡು ಬಂದಳು. ಒಂದನ್ನು ನನ್ನ ಮುಂದೆ ಕುಕ್ಕಿದಳು. ಚೆಲ್ಲಿತು. ಆದರೂ ನನಗೊಂದು ಲೋಟ ಇತ್ತಲ್ಲ!

"ಕೋಟು?" ಎಂದೆ.

"ಹಾಕ್ಕೊಂಡೇ ಹೋದ್ಲು. ಒಂದು ತೋಳು ತಣ್ಣಗಿದೆ, ಇನ್ನೊಂದು ಬೆಚ್ಚಗಿದೆ ಅಂತ ನಕ್ಕಳು. ಅವಳ ವಿಮಾನ ಏರೋವರೆಗೂ ಬೇಲಿ ಹತ್ರ ನಿಂತಿದ್ದೆ. ಅಳಿಯಂದ್ರು ಫೋನಲ್ಲಿ ನೋಡಿ, ಇದೇ ಅಂತ ತೋರಿಸಿದ್ರು. ಈ ಸಲ ಸರಿಯಾದ ವಿಮಾನಕ್ಕೇ ಕೈ ಬೀಸಿದೆ."

ಬೆಳಗಿನಿಂದ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಹೆಬ್ಬೆರಳು ನೀರಿನಲ್ಲಿ ನೆನೆದು ಬೆಳ್ಳಗಾಗಿತ್ತು, ಅದನ್ನೇ ನೋಡುತ್ತಾ ಕೇಳಿದೆ.

"ಅತ್ತಿಗೆ ನನ್ನನ್ನ ಕೇಳಿದ್ರಾ?"

"ಕೇಳದೆ ಇರ್ತಾಳಾ? ಎಲ್ಲಿ ನಿನ್ನ ಗಂಡ, ಯಾಕೆ ಬರಲಿಲ್ಲ ಅಂತ ಮೂರು ಸಲ ಕೇಳಿದ್ಲು."

"ನೀನೇನು ಹೇಳ್ದೆ?"

ನನ್ನವಳು ಚಹಾ ಊದಿ, ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟಳು.

"ಬರ್ತಿದಾರೆ ಕಣೇ ಅಕ್ಕ, ಈಗಿನ್ನೂ ಉತ್ತರ ಧ್ರುವದ ಹತ್ರ ಇದಾರೆ, ಐದೂ ಹತ್ತಕ್ಕೆ ಇಳೀತಾರೆ ಅಂದೆ."